ರಕ್ತದ ಕ್ಯಾನ್ಸರಿಗೆ ಎರಡೇಟು; ಬಿಲ್ಲಿನ ಏಟು ಯಾರಿಗೆ?

ರಕ್ತದ ಕ್ಯಾನ್ಸರು ಅಂದಕೂಡಲೆ ‘ಮುಗೀತು ಕಥೆ’ ಅನ್ನೋರೇ ಜಾಸ್ತಿ. ಸ್ವಲ್ಪ ತಾಳಿ ಸ್ವಾಮಿ.

ನಮ್ಮ ರಕ್ತದಲ್ಲಿ ಟಿ ಕಣ ಅಂತ ಇದೆ. ಮೈಯೊಳಗಿನ ಪೊಲೀಸು ಅನ್ನಿ. ಅದನ್ನು ಹೊರತೆಗೆದು, ಕ್ಯಾನ್ಸರ್ ಕಣದ ಗುರುತು ಹಿಡಿಯುವ ಹಾಗೆ ಲ್ಯಾಬಿನಲ್ಲಿ ತಿದ್ದಿ ಮತ್ತೆ ಮೈಗೆ ಏರಿಸುತ್ತಾರೆ. ಇದು ಕಾರ್-ಟಿ ಚಿಕಿತ್ಸೆ. ಆದರೆ ಕೆಲವು ಅಪರೂಪದ ಕಾಯಿಲೆಗಳಲ್ಲಿ ಟಿ ಕಣವೇ ಕೆಟ್ಟು ಕ್ಯಾನ್ಸರಾಗುತ್ತದೆ. ಪೊಲೀಸಪ್ಪನೇ ಕಳ್ಳನಾದರೆ ಹಿಡಿಯೋರು ಯಾರು? ತಿದ್ದಿದ ಕಣ ಬಿಟ್ಟರೆ ಅದು ಕಳ್ಳನ ಜೊತೆ ಒಳ್ಳೆಯ ಟಿ ಕಣಗಳನ್ನೂ ಬಡಿಯುತ್ತದೆ. ಆಮೇಲೆ ಸಣ್ಣ ಸೋಂಕೂ ಪ್ರಾಣಕ್ಕೆ ಸಂಚಕಾರ. ಅದಕ್ಕೇ ಎರಡನೇ ಏಟು, ಬೇರೆಯವರ ಮೂಳೆಮಜ್ಜೆ ಕಸಿ. ಅದರಿಂದ ಹೊಸ ರಕ್ತ ಹುಟ್ಟಬೇಕು.

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆ 2022ರಲ್ಲಿ 13 ವರ್ಷದ ಹುಡುಗಿಗೆ ಹೀಗೇ ಮಾಡಿತು. ಒಂದು ತಿಂಗಳಲ್ಲಿ ಕಾಯಿಲೆ ಅಡಗಿತು, ನಂತರ ಕಸಿಯಾಯಿತು. ಚೀನಾದ ಹಾಂಗ್‌ಝೌ ವೈದ್ಯರದು ಇನ್ನೂ ಧೈರ್ಯದ ಕೆಲಸ. ಕಸಿಗೆ ಮುಂಚೆ ಹಳೇ ಮಜ್ಜೆ ಸುಡುವ ಕಟು ಔಷಧಿಯನ್ನೂ, ಕಸಿಯಾದ ಮೇಲೆ ಹೊಸ ಕಣ ಮೈಮೇಲೆ ಬೀಳದಂತೆ ಕೊಡುವ ಮದ್ದನ್ನೂ ಅವರು ಕೈಬಿಟ್ಟರು. ಅರ್ಧ ಹೊಂದಿಕೆಯ ಮಜ್ಜೆಯೇ ಸಾಕಾಯಿತು. ಅಂದರೆ ಅಪ್ಪ, ಅಮ್ಮ, ಮಕ್ಕಳೂ ಕೊಡಬಹುದು. 2024ರಲ್ಲಿ ಪ್ರಕಟವಾದ ವರದಿಯ ಪ್ರಕಾರ 10 ರೋಗಿಗಳಲ್ಲಿ 6 ಮಂದಿಗೆ ಕಾಯಿಲೆಯ ಸುಳಿವಿರಲಿಲ್ಲ. ಇಬ್ಬರಿಗೆ ಮರುಕಳಿಸಿತು, ಸೋಂಕಿಗೆ ಬಲಿಯಾದವರೂ ಉಂಟು. ಹತ್ತೇ ಜನರ ಲೆಕ್ಕ ಇದು, ಡಂಗುರ ಹೊಡೆಯೋದು ಬೇಡ. ಆದರೆ ಇವರೆಲ್ಲ ಬೇರೆ ಮದ್ದು ಕೈಕೊಟ್ಟವರು ಅನ್ನೋದು ಮರೀಬಾರದು.

ನಮ್ಮಲ್ಲೇನೂ ಇಲ್ಲ ಅಂತಲ್ಲ. ಮುಂಬಯಿಯ ಐಐಟಿ ಮತ್ತು ಟಾಟಾ ಆಸ್ಪತ್ರೆ ಸೇರಿ ರೂಪಿಸಿದ ನೆಕ್ಸ್‌ಕಾರ್-19ಕ್ಕೆ 2023ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್-ಟಿ 2025ರಲ್ಲಿ ಬಂತು. ಎರಡೂ ಬಿ ಕಣದ ಕ್ಯಾನ್ಸರಿಗೆ, ಮೇಲೆ ಹೇಳಿದ ಟಿ ಕಣದ್ದಕ್ಕಲ್ಲ.

ಅಮೆರಿಕದಲ್ಲಿ ಕಾರ್-ಟಿಗೆ 3 ಕೋಟಿಗೂ ಮೇಲೆ. ನಮ್ಮ ನೆಕ್ಸ್‌ಕಾರ್ ಬಂದಾಗ ಸುಮಾರು 40 ಲಕ್ಷ. ‘ಅಗ್ಗ’ ಅಂತ ದೆಹಲಿ ಪತ್ರಿಕೆಗಳು ಬರೆದವು! ಯಾರಿಗೆ ಅಗ್ಗ? ಕಿರಾಣಿ ಅಂಗಡಿಯವನಿಗೋ, ಪಾಸ್ ಹಿಡಿದು ಓಡಾಡುವ ಗುಮಾಸ್ತನಿಗೋ? ಕಸಿಯ ಖರ್ಚು ಬೇರೆ. ಆಯುಷ್ಮಾನ್ ಕಾರ್ಡಿನ ಮಿತಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ. ಮಿಕ್ಕದ್ದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಮಗುವಿನ ಫೋಟೋ ಅಂಟಿಸಿದ ಡಬ್ಬಿ.

ಸಂಶೋಧನೆಗೆ ಸರ್ಕಾರದ ಹಣವೂ ಹೋಗಿದೆ, ಅಂದರೆ ನಮ್ಮ ತೆರಿಗೆ. ಹಾಗಾದರೆ ಇಂಥ ಕಾಯಿಲೆಗೆ ಸಾಕಾಗುವಷ್ಟು ನಿಧಿ ಬೇಡವೇ? ಅಪರೂಪದ ಕಾಯಿಲೆ, ರೋಗಿಗಳೂ ಕೆಲವೇ ಜನ, ಬೊಕ್ಕಸ ಮುಳುಗಲಾರದು. ಓಟು ಕೇಳಲು ಬರುವವರನ್ನು ಈ ಸಲ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ.