ಭಾಷಾವಿಚಾರ: ಇಂಗ್ಲಿಷಿನ ಸಾಮಾನ್ಯ ವರ್ತಮಾನಕಾಲ

ಮಕ್ಕಳಿಗೆ ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ತಾಯಿತಂದೆಗಳು ಸಾಮಾನ್ಯ ವರ್ತಮಾನಕಾಲವನ್ನು ಮೊದಲ ವಾರದಲ್ಲಿಯೇ ಮುಗಿಸಿಬಿಡುವುದುಂಟು. ರೂಪಗಳೇನೋ ಸುಲಭವಾದುವೇ. ‘ಐ ವರ್ಕ್’, ‘ದೇ ವರ್ಕ್’. ಅವನು, ಅವಳು, ಅದು ಎಂಬಲ್ಲಿ ಮಾತ್ರ ಕೊನೆಗೊಂದು ಸಕಾರ ಸೇರಿ ‘ಹೀ ವರ್ಕ್ಸ್’. ಪ್ರಶ್ನೆ ಕೇಳುವಾಗ ಆ ಸಕಾರವು ‘ಡಸ್’ ಎಂಬ ಸಹಾಯಕ್ರಿಯೆಗೆ ಹೋಗುವುದರಿಂದ, ‘ಡಸ್ ಹೀ ವರ್ಕ್?’ ಎಂದೇ ಹೇಳತಕ್ಕದ್ದು. ತೊಡಕಿರುವುದು ರೂಪದಲ್ಲಲ್ಲ, ಅರ್ಥದಲ್ಲಿ.

ವರ್ತಮಾನವೆಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುವುದು. ಈ ರೂಪವು ಬಹುಮಟ್ಟಿಗೆ ಈ ಕ್ಷಣದ ಕಾರ್ಯವನ್ನು ಹೇಳುವುದಿಲ್ಲ. ರೂಢಿಯನ್ನೂ, ಸ್ಥಿರವಾದ ಸಂಗತಿಯನ್ನೂ ಹೇಳುತ್ತದೆ. ಕಾಫಿಯ ಲೋಟವನ್ನು ಹಿಡಿದು ಕುಳಿತವನನ್ನು ಕುರಿತು ‘ಹೀ ಈಸ್ ಡ್ರಿಂಕಿಂಗ್ ಕಾಫಿ’ ಎನ್ನಬೇಕು. ವರನ ಗುಣಶೀಲಗಳನ್ನು ವಿಚಾರಿಸಿದವರಿಗೆ ‘ಹೀ ಡ್ರಿಂಕ್ಸ್’ ಎಂದು ಎರಡೇ ಮಾತು ಬರೆದರೆ ಸಂಬಂಧವು ಮುರಿಯಲು ಅಷ್ಟೇ ಸಾಕು! ಕನ್ನಡದ ‘ಕುಡಿಯುತ್ತಾನೆ’ ಎಂಬುದಕ್ಕೂ ಇದೇ ಅಪಕೀರ್ತಿಯುಂಟೆಂಬುದನ್ನು ವಾಚಕರು ಬಲ್ಲರು.

ಉದ್ಯೋಗದ ವಿಷಯದಲ್ಲಿ ಮಾತ್ರ ಎರಡು ಭಾಷೆಗಳ ದಾರಿ ಬೇರೆಯಾಗುತ್ತದೆ. ‘ಮಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಾನೆ’ ಎಂದರೆ ನಾವು ಕಾಯಂ ನೌಕರಿಯೆಂದೇ ತಿಳಿಯುತ್ತೇವೆ. ಅದನ್ನೇ ‘ಹೀ ಈಸ್ ವರ್ಕಿಂಗ್ ಇನ್ ಎ ಬ್ಯಾಂಕ್’ ಎಂದು ಬರೆದರೆ, ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವನಿಗೆ ಅದು ಸದ್ಯದ ಮಟ್ಟಿನ ಕೆಲಸವೆಂದು ತೋರಬಹುದು. ಪರದೇಶಕ್ಕೆ ಅರ್ಜಿ ಕಳುಹಿಸುವ ತರುಣರು ‘ಐ ವರ್ಕ್’ ಎಂದು ಬರೆಯುವುದೇ ಲೇಸು.

ನಮ್ಮವರಲ್ಲಿ ಅತಿಯಾಗಿ ಬಳಕೆಯಲ್ಲಿರುವ ಇನ್ನೊಂದು ಪ್ರಯೋಗ ‘ಐ ಆ್ಯಮ್ ಹ್ಯಾವಿಂಗ್ ಟೂ ಸನ್ಸ್’, ‘ಐ ಆ್ಯಮ್ ನೋಯಿಂಗ್ ಹಿಮ್’ ಎಂಬುದು. ಇದಕ್ಕೆ ಕನ್ನಡವನ್ನೇ ಹೊಣೆಮಾಡುವವರುಂಟು. ನಮಗೆ ಅದು ಒಪ್ಪಿಗೆಯಾಗದು. ‘ಗೊತ್ತು’, ‘ಬೇಕು’, ‘ಉಂಟು’ ಎಂಬ ಮಾತುಗಳಿಗೆ ‘ಉತ್ತಿದೆ’ ಎಂಬುದನ್ನು ಹಚ್ಚಿ ನೋಡಿರಿ, ನಾಲಗೆಯೇ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿಯೂ ‘ನೋ’, ‘ವಾಂಟ್’, ಒಡೆತನದ ಅರ್ಥದ ‘ಹ್ಯಾವ್’ ಇವು ಹಾಗೆಯೇ ಸಾಮಾನ್ಯ ರೂಪದಲ್ಲಿ ನಿಲ್ಲತಕ್ಕವು. ಊಟಮಾಡುವ ಅರ್ಥದಲ್ಲಿ ಮಾತ್ರ ‘ಹ್ಯಾವಿಂಗ್ ಲಂಚ್’ ಎನ್ನಲು ಅಡ್ಡಿಯಿಲ್ಲ, ಏಕೆಂದರೆ ಅದು ನಡೆಯುವ ಕಾರ್ಯ.

ಈ ಕಟ್ಟುಪಾಡು ಬಹಳ ಹಳೆಯದೇನೂ ಅಲ್ಲ. ಷೇಕ್ಸ್‌ಪಿಯರನ (1564–1616) ಕಾಲದಲ್ಲಿ ಕಣ್ಣೆದುರಿನ ಕಾರ್ಯಕ್ಕೂ ಸಾಮಾನ್ಯ ರೂಪವನ್ನೇ ಬಳಸಬಹುದಾಗಿತ್ತು. 1611ರ ಬೈಬಲ್ ಭಾಷಾಂತರದಲ್ಲಿ ಸಕಾರದ ಸ್ಥಾನದಲ್ಲಿ ‘ಎತ್’ ಎಂಬ ಪ್ರತ್ಯಯವಿರುವುದು. ರೈಲಿನ ವೇಳಾಪಟ್ಟಿಯ ಮಾತಿನಲ್ಲಿಯಂತೂ ಇಂದಿಗೂ ಕನ್ನಡ, ಇಂಗ್ಲಿಷುಗಳೆರಡೂ ಒಂದೇ ಹಾದಿ ಹಿಡಿದಿವೆ: ‘ರೈಲು ನಾಳೆ ಆರು ಗಂಟೆಗೆ ಹೊರಡುತ್ತದೆ’ ಎಂಬುದು ‘ದಿ ಟ್ರೇನ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’.