ಓರೊ ಕೊಲ್ಲಿಯ ಕೊಳ ಯಾರದು?

ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ಸುಮಾರು 1,200 ಕಿಲೋಮೀಟರ್ ದೂರದಲ್ಲಿ, ಪೆಸಿಫಿಕ್ ಸಾಗರದ ನಡುವೆ, ಫ್ರಾನ್ಸ್ ದೇಶದ ಆಡಳಿತಕ್ಕೆ ಒಳಪಟ್ಟ ನ್ಯೂ ಕ್ಯಾಲೆಡೋನಿಯಾ ಎಂಬ ದ್ವೀಪಸಮೂಹವಿದೆ. ಅದರ ಆಗ್ನೇಯ ತುದಿಯಲ್ಲಿರುವ ಪುಟ್ಟ ನೆಲವೇ ಐಲ್ ಆಫ್ ಪೈನ್ಸ್. ಅಲ್ಲಿನ ಮೂಲನಿವಾಸಿಗಳು ಅದನ್ನು ಕುನಿಯೆ ಎಂದು ಕರೆಯುತ್ತಾರೆ; ತಮ್ಮನ್ನೂ ಅದೇ ಹೆಸರಿನಿಂದ ಕರೆದುಕೊಳ್ಳುತ್ತಾರೆ. ವಿಸ್ತೀರ್ಣ ಸುಮಾರು 150 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 2,000. ಈ ದ್ವೀಪದ ಓರೊ ಕೊಲ್ಲಿಯಲ್ಲಿ ಕಡಲೇ ಕಟ್ಟಿಕೊಂಡ ಒಂದು ಈಜುಕೊಳವಿದೆ. ಪ್ರವಾಸಿ ಪುಸ್ತಕಗಳು ಅದನ್ನು ಭೂಮಿಯ ಮೇಲಿನ ಸ್ವರ್ಗವೆಂದು ಬಣ್ಣಿಸುತ್ತವೆ. ಸ್ವರ್ಗವೆಂದು ಹೆಸರಾದ ಜಾಗಗಳಿಗೆಲ್ಲ ಆದ ಗತಿಯನ್ನು ಮಲೆನಾಡಿಗರು ಚೆನ್ನಾಗಿ ಬಲ್ಲರು. ಆದುದರಿಂದ ಈ ಕೊಳದ ಕಥೆ ಅವರಿಗೆ ತೀರ ಪರಕೀಯವಾಗಲಾರದು.

ಕೊಳಕ್ಕೆ ಹೋಗುವ ಎರಡು ದಾರಿಗಳಲ್ಲಿ ಹಳೆಯದು ಕಡಲಿನದು. ಸೇಂಟ್ ಜೋಸೆಫ್ ಕೊಲ್ಲಿಯಿಂದ ಬೆಳಗಿನ ಹೊತ್ತು ಪಿರೋಗ್ ಹೊರಡುತ್ತದೆ. ಒಂದು ಪಕ್ಕದಲ್ಲಿ ಆಸರೆಯ ತೊಲೆ ಕಟ್ಟಿದ, ಹಾಯಿಪಟದ ಸಾಂಪ್ರದಾಯಿಕ ದೋಣಿಯಿದು. ಉಪಿ ಕೊಲ್ಲಿಯ ನೀರಿನಲ್ಲಿ ಸುಣ್ಣಕಲ್ಲಿನ ಬಂಡೆಗಳು ಅಣಬೆಗಳಂತೆ ನಿಂತಿವೆ. ಬುಡವನ್ನು ಕಡಲು ಕೊರೆದಿದೆ, ತಲೆಯ ಮೇಲೆ ಗಿಡಗಂಟಿ ಬೆಳೆದಿದೆ. ಅವುಗಳ ನಡುವೆ ಸಾಗಿದ ದೋಣಿ ದಡ ಸೇರಿದ ಮೇಲೆ ಕಾಡಿನೊಳಗೆ ನಡೆಯಬೇಕು. ರಸ್ತೆಯ ಮೂಲಕ ಬರುವವರಿಗೂ ಕೊನೆಯ ಭಾಗದಲ್ಲಿ ನಡಿಗೆ ತಪ್ಪದು. ಮರಳಿನ ತಳದ, ಮೊಣಕಾಲು ಮುಳುಗದ ಕಾಲುವೆಯನ್ನು ದಾಟಿ, ನೆರಳಿನಲ್ಲಿ ಸಾಗಿದರೆ ಥಟ್ಟನೆ ತಿಳಿಹಸಿರು ನೀರು ಎದುರಾಗುತ್ತದೆ.

ದ್ವೀಪದ ಅಂಚು ಬಹುಕಾಲದ ಹಿಂದೆ ಕಡಲಿನಿಂದ ಮೇಲೆದ್ದ ಹವಳದ ಸುಣ್ಣಕಲ್ಲು. ಆ ಕಲ್ಲಿನ ಗೋಡೆ ಕೊಳವನ್ನು ಸಾಗರದಿಂದ ಬೇರ್ಪಡಿಸಿದೆ. ಗೋಡೆಯ ಆಚೆ ಅಲೆಗಳು ಅಪ್ಪಳಿಸುತ್ತಿದ್ದರೆ ಈಚೆ ನೀರು ಅಲುಗುವುದಿಲ್ಲ; ಭರತದ ನೀರು ಮಾತ್ರ ಬಂಡೆಗಳ ಸಂದಿನಿಂದ ಒಳನುಗ್ಗಿ ಕೊಳಕ್ಕೆ ಹೊಸ ಉಸಿರು ತುಂಬುತ್ತದೆ. ತಳದ ಬಿಳಿ ಮರಳು, ಅಲ್ಲಲ್ಲಿ ಹವಳದ ದಿಬ್ಬಗಳು, ಅವುಗಳನ್ನು ಸುತ್ತುವ ಬಣ್ಣಬಣ್ಣದ ಮೀನುಗಳು, ಸುತ್ತಲೂ ಕಂಬಗಳಂತೆ ನೆಟ್ಟಗೆ ನಿಂತ ಮರಗಳು. ದ್ವೀಪದ ಒಳನಾಡು ಇದಕ್ಕೆ ತದ್ವಿರುದ್ಧ. ಅಲ್ಲಿ ಕಬ್ಬಿಣದಂಶ ತುಂಬಿದ ಕೆಂಪು ನೆಲ. ಜಂಬಿಟ್ಟಿಗೆ ಕಂಡವರಿಗೆ ಅದರ ಗುಣವನ್ನು ಬಿಡಿಸಿ ಹೇಳಬೇಕಿಲ್ಲ. ಕೆಸು, ಗೆಣಸುಗಳನ್ನು ಬೆಳೆಯಬೇಕಾದರೆ ಜನ ಅಂಚಿನ ನೆಲವನ್ನೇ ನಂಬಬೇಕು. ಕಡಲಂಚು ಕುನಿಯೆ ಜನರಿಗೆ ವಿಹಾರಸ್ಥಳವಲ್ಲ. ಅವರ ಹೊಲ, ಮನೆ, ದೋಣಿಕಟ್ಟೆ ಎಲ್ಲವೂ ಅದೇ.

ಕೊಳದ ಸುತ್ತಲಿನ ಮರಗಳ ಬಗ್ಗೆ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿಯೊಂದಿದೆ. 1774ರಲ್ಲಿ ಈ ದ್ವೀಪದ ಬಳಿ ಹಾದುಹೋದ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ ಈ ಮರಗಳನ್ನು ನೋಡಿಯೇ ದ್ವೀಪಕ್ಕೆ ಪೈನ್ ಹೆಸರಿಟ್ಟನು. ನಿಜದಲ್ಲಿ ಅವು ಪೈನ್ ಮರಗಳಲ್ಲ, ಅರಾಕೇರಿಯಾ ಕುಲದವು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಇದೇ ಜಾತಿಯ ಮರಗಳಿವೆ. ಜನ ಅವನ್ನು ಕ್ರಿಸ್‌ಮಸ್ ಮರವೆಂದು ಕರೆಯುವುದುಂಟು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಐದು ಖಂಡಗಳಲ್ಲಿ ಈ ಮರಗಳನ್ನು ಅಳೆದು, ಅವು ಎಲ್ಲೇ ಬೆಳೆದರೂ ಸಮಭಾಜಕ ವೃತ್ತದ ಕಡೆಗೆ ವಾಲುತ್ತವೆಂದು ತೋರಿಸಿತು. ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧಗೋಳದಲ್ಲಿ ಉತ್ತರಕ್ಕೆ. ಲಾಲ್‌ಬಾಗ್‌ಗೆ ಹೋದವರು ದಿಕ್ಸೂಚಿ ಹಿಡಿದು ಪರೀಕ್ಷಿಸಬಹುದು.

ಮಲೆನಾಡಿಗೂ ಈ ದ್ವೀಪಕ್ಕೂ ಇನ್ನೂ ಆಳವಾದ ನಂಟಿದೆ, ಅದು ಶ್ರೀಗಂಧದ್ದು. ಕುನಿಯೆ ಕಾಡಿನಲ್ಲಿ ಬೆಳೆಯುವುದು ಮೈಸೂರು ಸೀಮೆಯ ಶ್ರೀಗಂಧದ ದಾಯಾದಿ ಜಾತಿ. 1841ರಲ್ಲಿ ಅದರ ಸುಳಿವು ಹೊರಜಗತ್ತಿಗೆ ಸಿಕ್ಕಿದ್ದೇ ತಡ, ಸಿಡ್ನಿಯ ವರ್ತಕರ ಹಡಗುಗಳು ಸಾಲುಗಟ್ಟಿದವು. ಚೀನಾದಲ್ಲಿ ಧೂಪಕ್ಕಾಗಿ ಗಂಧಕ್ಕೆ ಭಾರಿ ಬೆಲೆಯಿತ್ತು. ಮರುವರ್ಷವೇ ವ್ಯಾಪಾರದ ಜಗಳ ರಕ್ತಪಾತಕ್ಕೆ ತಿರುಗಿ, ಒಂದು ಹಡಗಿನ ನಾವಿಕರು ಕೊಲ್ಲಲ್ಪಟ್ಟರು. ಕೆಲವೇ ವರ್ಷಗಳಲ್ಲಿ ಕಡಿಯಲು ಯೋಗ್ಯವಾದ ಮರಗಳು ವಿರಳವಾದವು, ಹಡಗುಗಳು ಬೇರೆ ದ್ವೀಪಗಳನ್ನು ಹುಡುಕಿಕೊಂಡು ಹೋದವು. ಇತ್ತ ಮೈಸೂರಿನಲ್ಲಿ ಟಿಪ್ಪು ಸುಲ್ತಾನನು 1792ರಲ್ಲೇ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ್ದನು. ರೈತನ ಹಿತ್ತಲಿನ ಮರ ರೈತನದ್ದಾಗಲು ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅಲ್ಲಿ ಯಾರ ಅಂಕೆಯೂ ಇಲ್ಲದ ವರ್ತಕರು, ಇಲ್ಲಿ ಎಲ್ಲವನ್ನೂ ತನ್ನದೆಂದ ಪ್ರಭುತ್ವ. ಎರಡು ಕಡೆಯೂ ಮರದ ಬುಡದಲ್ಲಿ ಬದುಕಿದವನ ಮಾತು ನಡೆಯಲಿಲ್ಲ.

ಆಮೇಲೆ ಬಂದವರು ಫ್ರೆಂಚರು. 1853ರಲ್ಲಿ ದ್ವೀಪವನ್ನು ವಶಪಡಿಸಿಕೊಂಡು, 1871ರ ಪ್ಯಾರಿಸ್ ಕಮ್ಯೂನ್ ಬಂಡಾಯದಲ್ಲಿ ಸೆರೆಸಿಕ್ಕ ಸುಮಾರು 3,000 ಜನರನ್ನು 1872ರಿಂದ ಇಲ್ಲಿಗೆ ಗಡೀಪಾರು ಮಾಡಿದರು. ಬಂದಿಗಳಿಗಾಗಿ ಪಶ್ಚಿಮ ಭಾಗ ತೆರವಾಯಿತು, ಕುನಿಯೆ ಜನ ಪೂರ್ವಕ್ಕೆ ಸರಿಯಬೇಕಾಯಿತು. ಬಂದಿಖಾನೆಯ ಪಾಳುಗೋಡೆಗಳನ್ನು ಪ್ರವಾಸಿಗರು ಇಂದು ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ.

ಇಷ್ಟಾದರೂ ನೆಲ ಕೈತಪ್ಪಲಿಲ್ಲ ಎಂಬುದು ಈ ಕಥೆಯ ವಿಶೇಷ. ನ್ಯೂ ಕ್ಯಾಲೆಡೋನಿಯಾದ ಕಾನೂನು ಕನಕ್ ಮೂಲನಿವಾಸಿಗಳ ಸಾಂಪ್ರದಾಯಿಕ ನೆಲವನ್ನು ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ, ಸಾಲಕ್ಕೆ ಜಪ್ತಿ ಮಾಡುವಂತಿಲ್ಲ ಎಂದು ಹೇಳುತ್ತದೆ. ಐಲ್ ಆಫ್ ಪೈನ್ಸ್‌ನ ಬಹುಪಾಲು ನೆಲ ಇಂಥದ್ದೇ. ಕೊಳದ ಹಾದಿಯಲ್ಲಿ ತೆರಬೇಕಾದ ಅಲ್ಪ ಶುಲ್ಕ ಆ ನೆಲದ ಕುಲಕ್ಕೆ ಸಲ್ಲುತ್ತದೆ. ಕನುಮೆರ ಕೊಲ್ಲಿಯಲ್ಲಿ ಕುನಿಯೆ ಜನರಿಗೆ ಪವಿತ್ರವಾದ ಒಂದು ಬಂಡೆಯಿದೆ. ಅದನ್ನು ಹತ್ತುವುದು ನಿಷಿದ್ಧ. ಬುಲಿಮ್ ಎಂಬ ದೊಡ್ಡ ಕಾಡುಬಸವನಹುಳು ಅಲ್ಲಿನವರ ಅಚ್ಚುಮೆಚ್ಚಿನ ಭಕ್ಷ್ಯ; ಅದನ್ನು ದ್ವೀಪದಲ್ಲಿ ಉಣ್ಣಬಹುದು, ಹೊರಗೆ ಸಾಗಿಸುವಂತಿಲ್ಲ. ದೇವರಕಾಡಿನ ಕಟ್ಟುಪಾಡುಗಳನ್ನು ಕಂಡವರಿಗೆ ಇದರ ತರ್ಕ ಸುಲಭವಾಗಿ ಅರ್ಥವಾಗುತ್ತದೆ.

ಆದರೆ ಕಟ್ಟುಪಾಡಿನ ನಿಜವಾದ ಪರೀಕ್ಷೆ ನಡೆಯುವುದು ಹಡಗು ಬಂದ ದಿನ. ಆಸ್ಟ್ರೇಲಿಯಾದಿಂದ ಹೊರಡುವ ವಿಹಾರ ನೌಕೆಗಳಲ್ಲಿ 2,000ಕ್ಕೂ ಹೆಚ್ಚು ಜನರನ್ನು ಹೊರುವಂಥವು ಇವೆ. ಅಂಥದೊಂದು ನೌಕೆ ಲಂಗರು ಹಾಕಿದರೆ ದ್ವೀಪದ ಜನಸಂಖ್ಯೆ ಒಂದೇ ಮುಂಜಾನೆ ಇಮ್ಮಡಿಯಾಗುತ್ತದೆ, ಸಂಜೆಗೆ ಮತ್ತೆ ಇಳಿಯುತ್ತದೆ. ಆ ದಿನ ಊಟ, ಹಣ್ಣು, ಕರಕುಶಲ ವಸ್ತುಗಳು ಮಾರಾಟವಾಗುತ್ತವೆ. ಹಲವು ಮನೆಗಳಿಗೆ ಕೈಯಲ್ಲಿ ಕಾಸಾಡುತ್ತದೆ. ಅದನ್ನು ಹಗುರವಾಗಿ ಕಾಣುವ ಪರಿಸರವಾದ ಹೊಟ್ಟೆ ತುಂಬಿದವರ ವಾದ. ಇತ್ತ ಕೊಳದಂಥ ಸೀಮಿತ ನೀರಿಗೆ ಗುಂಪು ಇಳಿದರೆ ಆಗುವುದೂ ಸ್ಪಷ್ಟ. ಹವಳ ಕಲ್ಲಲ್ಲ, ಜೀವಿಗಳ ವಸಾಹತು. ಒಂದು ಕಾಲಿನ ತುಳಿತಕ್ಕೆ ಮುರಿದ ಕೊಂಬೆ ಮರಳಿ ಬೆಳೆಯಲು ವರ್ಷಗಳೇ ಬೇಕು. ಪಾಚಿ ಮೇಯುವ ಮೀನುಗಳಿಗೆ ಬ್ರೆಡ್ಡಿನ ರುಚಿ ಹತ್ತಿಸಿದರೆ ಅವು ಮೇಯುವುದನ್ನು ಕಡಿಮೆ ಮಾಡುತ್ತವೆ, ಪಾಚಿ ಹವಳವನ್ನು ಮುಸುಕುತ್ತದೆ. ಬಿಸಿಲಿಗೆ ಹಚ್ಚುವ ಲೇಪದಲ್ಲಿರುವ ಆಕ್ಸಿಬೆಂಜೋನ್‌ನಂಥ ರಾಸಾಯನಿಕಗಳು ಹವಳಕ್ಕೆ ಹಾನಿಕರವೆಂಬ ಕಾರಣದಿಂದ ಪಲಾವು ದೇಶ 2020ರಲ್ಲಿ, ಹವಾಯಿ 2021ರಲ್ಲಿ ನಿಷೇಧ ಜಾರಿಗೊಳಿಸಿದವು. ತೆರೆದ ಕಡಲಿನಲ್ಲಿ ಚದುರಿಹೋಗುವ ಲೇಪ, ಭರತಕ್ಕೆ ಕಾಯುವ ಕೊಳದಲ್ಲಿ ನಿಂತೇ ಇರುತ್ತದೆ. ಇದರ ಮೇಲೆ ಕಡಲಿನ ತಾಪ ಬೇರೆ. 2016ರಲ್ಲಿ ನ್ಯೂ ಕ್ಯಾಲೆಡೋನಿಯಾದ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡಿದ್ದವು.

ಥಾಯ್ಲೆಂಡಿನ ಮಾಯಾ ಕೊಲ್ಲಿ ಮೊದಲೇ ಈ ದಾರಿಯಲ್ಲಿ ನಡೆದು ಪಾಠ ಕಲಿಯಿತು. 2000ದಲ್ಲಿ ತೆರೆಕಂಡ ಹಾಲಿವುಡ್ ಚಿತ್ರವೊಂದರಿಂದ ಪ್ರಸಿದ್ಧವಾದ ಆ ಪುಟ್ಟ ಮರಳದಂಡೆಗೆ ದಿನಕ್ಕೆ ಸಾವಿರಾರು ಜನ ನುಗ್ಗಿ ಹವಳ ನಾಶವಾಯಿತು. 2018ರ ಜೂನ್‌ನಲ್ಲಿ ಸರಕಾರ ಕೊಲ್ಲಿಯನ್ನೇ ಮುಚ್ಚಿತು. ಹವಳದ ಸಸಿಗಳನ್ನು ನೆಡಲಾಯಿತು, ಕಪ್ಪುತುದಿಯ ರೆಕ್ಕೆಯ ಶಾರ್ಕ್‌ಗಳು ಮರಳಿ ಬಂದವು. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ದೋಣಿಗಳು ಕೊಲ್ಲಿಯೊಳಕ್ಕೆ ಬರದಂತೆ, ಜನ ಈಜದಂತೆ ನಿಯಮಗಳು ಬಂದವು. ಈಗ ಪ್ರತಿವರ್ಷ ಕೆಲಕಾಲ ಅದು ಬಾಗಿಲು ಹಾಕುತ್ತದೆ. ಒಳ್ಳೆಯ ಕ್ರಮವೇ. ಆದರೆ ಕೊಲ್ಲಿ ಕೆಟ್ಟ ಮೇಲೆ ರಾಜಧಾನಿಯ ಕಚೇರಿಯಲ್ಲಿ ಹುಟ್ಟಿದ ಕ್ರಮ ಅದು. ಓರೊದಲ್ಲಿ ಬಾಗಿಲು ಮೊದಲಿನಿಂದಲೂ ಅಲ್ಲಿನವರ ಕೈಯಲ್ಲೇ ಇದೆ.

ಕುನಿಯೆ ಜನರಿಗೆ ಬೇಡದ ವಿರಾಮಗಳೂ ಬಂದಿವೆ. 2020ರಲ್ಲಿ ಕೋವಿಡ್ ಹಡಗುಗಳನ್ನು ತಡೆಯಿತು. 2024ರ ಮೇ ತಿಂಗಳಿನಲ್ಲಿ ಮತದಾರರ ಪಟ್ಟಿಯ ವಿವಾದದಿಂದ ರಾಜಧಾನಿ ನುಮೆಯಾದಲ್ಲಿ ಭುಗಿಲೆದ್ದ ಗಲಭೆಯಿಂದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಜೂನ್ ಮಧ್ಯದವರೆಗೆ ಮುಚ್ಚಿತು, ಪ್ರವಾಸೋದ್ಯಮ ಕುಸಿಯಿತು. ಕೊಳಕ್ಕೆ ಬಿಡುವು ಸಿಕ್ಕಿತು, ಮನೆಗಳ ಆದಾಯಕ್ಕೆ ಕತ್ತರಿ ಬಿತ್ತು. ಅಂಥ ದಿನಗಳಲ್ಲಿ ಕೆಸುವಿನ ಗದ್ದೆ, ಮೀನಿನ ಬಲೆ ಇದ್ದವನು ಉಳಿದುಕೊಳ್ಳುತ್ತಾನೆ. ಅದನ್ನು ಬಿಟ್ಟು ಹಡಗನ್ನೇ ನಂಬಿದವನು ತತ್ತರಿಸುತ್ತಾನೆ.

ಹೋಮ್‌ಸ್ಟೇ ಫಲಕಗಳು ಕಾಫಿತೋಟದ ಬೇಲಿಗಿಂತ ದಟ್ಟವಾಗುತ್ತಿರುವ ಮಲೆನಾಡಿನಲ್ಲಿ ಈ ಲೆಕ್ಕವನ್ನು ಊರೂರೂ ಹಾಕಬೇಕಾಗಿದೆ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಚಾರಣಿಗರ ಜಾತ್ರೆಯೇ ನೆರೆದ ಮೇಲೆ ಸರಕಾರ ಚಾರಣಕ್ಕೆ ಮುಂಗಡ ನೋಂದಣಿ, ದಿನದ ಮಿತಿಗಳನ್ನು ತಂದಿತು. ಮಿತಿ ಬೇಕು, ನಿಜ. ಆದರೆ ಆ ಸಂಖ್ಯೆಯನ್ನು ನಿಗದಿ ಮಾಡುವಾಗ ಹಾದಿಯ ಕೆಳಗಿನ ಹಳ್ಳಿಯ ನೀರು, ಕಸ, ದನದ ದಾರಿ ಲೆಕ್ಕಕ್ಕೆ ಬಂದವೇ? ಶುಲ್ಕದಲ್ಲಿ ಗ್ರಾಮದ ಪಾಲೆಷ್ಟು? ಹೆಚ್ಚಾಯಿತೆಂದು ಕಂಡಾಗ ಹಾದಿ ಮುಚ್ಚುವ ಹಕ್ಕು ಗ್ರಾಮಸಭೆಗೆ ಇದೆಯೇ? 2006ರ ಅರಣ್ಯ ಹಕ್ಕು ಕಾಯಿದೆಯ 5ನೆಯ ಕಲಮು ಕಾಡು, ವನ್ಯಜೀವಿ, ಜಲಮೂಲಗಳನ್ನು ಕಾಯುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಟ್ಟಿದೆ. ಮುಂದಿನ ಗ್ರಾಮಸಭೆಯಲ್ಲಿ ಆ ಕಲಮನ್ನು ಗಟ್ಟಿಯಾಗಿ ಓದಿಸಿ, ಈ ಮೂರು ಪ್ರಶ್ನೆಗಳನ್ನು ನಡವಳಿ ಪುಸ್ತಕದಲ್ಲಿ ಬರೆಸಬಹುದು.