ಪಾರ್ಸೆಲ್ ನಿಂತ ವರ್ಷ

2025ರ ರಫ್ತಿನ ಲೆಕ್ಕ ತೆಗೆದರೆ ಎಲ್ಲರೂ ಕಂಟೇನರುಗಳ ಮಾತಾಡುತ್ತಾರೆ. ಬೆಂಗಳೂರಿನ ಗಾಂಧಿಬಜಾರು, ಮಲ್ಲೇಶ್ವರ, ಚಾಮರಾಜಪೇಟೆಯಿಂದ ಎರಡು ಮೂರು ಕಿಲೋದ ಪಾರ್ಸೆಲ್ಲಿನಲ್ಲಿ ಸೀರೆ, ಪುಸ್ತಕ, ಹುಳಿಪುಡಿ ಕಳಿಸುವವರ ಲೆಕ್ಕ ಯಾರೂ ಬರೆಯುವುದಿಲ್ಲ.

800 ಡಾಲರ್‌ವರೆಗಿನ ಸರಕಿಗೆ ಅಮೆರಿಕದಲ್ಲಿ ಸುಂಕವಿಲ್ಲ ಎಂಬ ನಿಯಮವೇ ಇವರಿಗೆ ಆಸರೆಯಾಗಿತ್ತು. ಆಗಸ್ಟ್ 29ಕ್ಕೆ ಅದು ಹೋಯಿತು. ಎರಡು ದಿನ ಮುಂಚೆ, ಗಣೇಶನ ಹಬ್ಬದಂದೇ, ಭಾರತದ ಸರಕಿನ ಮೇಲಿನ ಹೆಚ್ಚುವರಿ ಸುಂಕ ಶೇ 50ಕ್ಕೇರಿತ್ತು. ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂಬುದೇ ಸ್ಪಷ್ಟವಿರಲಿಲ್ಲ. ವಿಮಾನ ಸಂಸ್ಥೆಗಳು ಅಂಚೆ ಸರಕು ಒಯ್ಯಲು ಹಿಂದೆಗೆದವು. ಅಂಚೆ ಇಲಾಖೆ 25ರಿಂದ ಸರಕಿನ ಬುಕಿಂಗ್ ನಿಲ್ಲಿಸಿತು, ತಿಂಗಳ ಕೊನೆಗೆ ಕಾಗದಪತ್ರವನ್ನೂ ನಿಲ್ಲಿಸಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಅಷ್ಟರಲ್ಲಿ ದಸರಾ ಮುಗಿದು ದೀಪಾವಳಿ ಬಾಗಿಲಿಗೆ ಬಂದಿತ್ತು.

ಸುಂಕದ ದರಕ್ಕಿಂತ ಈ ಏಳು ವಾರಗಳೇ ಚಿಕ್ಕ ವ್ಯಾಪಾರಿಗಳನ್ನು ಹೆಚ್ಚು ನೋಯಿಸಿದವು ಎಂಬುದು ನಮ್ಮ ಅಭಿಪ್ರಾಯ. ಪುಸ್ತಕವನ್ನೇ ನೋಡಿ. ಈ ಹೆಚ್ಚುವರಿ ಸುಂಕ ಪುಸ್ತಕಗಳಿಗೆ ಅನ್ವಯಿಸಲೇ ಇಲ್ಲ. ಆದರೂ ಅಮೆರಿಕದ ಕನ್ನಡ ಮನೆಗೆ ಹೊರಟ ಪುಸ್ತಕದ ಕಟ್ಟನ್ನು ಅಂಚೆಯಲ್ಲಿ ಕಳಿಸುವಂತಿರಲಿಲ್ಲ. ತೆರಿಗೆಯೇ ಇಲ್ಲದ ಸರಕಿಗೆ ದಾರಿಯೇ ಇಲ್ಲದಂತಾದದ್ದು ಅನ್ಯಾಯ.

ಅಕ್ಟೋಬರಿನಲ್ಲಿ ದಾರಿ ತೆರೆಯಿತು, ಆದರೆ ಘೋಷಿತ ಬೆಲೆಯ ಶೇ 50ರಷ್ಟು ಸುಂಕವನ್ನು ಬುಕಿಂಗ್ ಹೊತ್ತಿಗೇ ಇಲ್ಲೇ ಕಟ್ಟಬೇಕಾಯಿತು. 6,000 ರೂಪಾಯಿಯ ಸೀರೆಗೆ 3,000. ದೊಡ್ಡ ರಫ್ತುದಾರ ಇದನ್ನು ಬ್ಯಾಂಕ್ ಸಾಲದಲ್ಲಿ ತೂಗಿಸಿಕೊಂಡಾನು. ಮನೆಯಿಂದಲೇ ವ್ಯಾಪಾರ ಮಾಡುವ ಹೆಣ್ಣುಮಗಳಿಗೆ ಅದು ಮುಂದಿನ ಸೀರೆಯ ಬಂಡವಾಳವಾಗಿತ್ತು.

ಮೂಲ ದೇಶದ ಪ್ರಶ್ನೆ ಇನ್ನೂ ತೊಡಕಿನದು. 2019ರ ಜೂನ್‌ವರೆಗೆ ಭಾರತದಲ್ಲಿ ತಯಾರಾದದ್ದು ಎಂಬ ಗುರುತು ಜಿಎಸ್‌ಪಿ ಯೋಜನೆಯಡಿ ಅಮೆರಿಕದಲ್ಲಿ ಎಷ್ಟೋ ಸರಕಿಗೆ ಸುಂಕ ಉಳಿಸುತ್ತಿತ್ತು. 2025ರಲ್ಲಿ ಆ ಗುರುತೇ ಹೊರೆಯಾಯಿತು. ಯುಎಇಗೆ ಕಳಿಸಿದರೆ 2022ರ ಒಪ್ಪಂದದಿಂದ ಇಂದಿಗೂ ರಿಯಾಯಿತಿ ಉಂಟು, ಮೂಲ ಪ್ರಮಾಣಪತ್ರ ಜೊತೆಗಿದ್ದರೆ. ಮೂಲ ಎಂದರೆ ತಯಾರಾದ ದೇಶ: ಬಿಲ್ಲು ಚಿಕ್ಕಪೇಟೆಯದಾದರೂ ಚೀನಾದಲ್ಲಿ ತಯಾರಾದ ಸರ ಚೀನಾದ್ದೇ. ಸೀರೆಯ ಜೊತೆ ಅದನ್ನಿಟ್ಟರೆ ಘೋಷಣೆಯಲ್ಲಿ ಬೇರೆಯಾಗಿಯೇ ಬರೆಯಬೇಕು. 2025ರ ನವೆಂಬರಿನಲ್ಲಿ ಅಮೆರಿಕ ಕಾಫಿ, ಚಹಾ, ಸಾಂಬಾರ ಪದಾರ್ಥಗಳಿಗೆ ವಿನಾಯಿತಿ ಕೊಟ್ಟಿತು. ಧನಿಯ, ಮೆಣಸಿಗೆ ಸರಿ. ಬೇಳೆ ಹುರಿದು ಕುಟ್ಟಿದ ಹುಳಿಪುಡಿ ಸುಂಕದ ವರ್ಗೀಕರಣದ ಯಾವ ಎಚ್‌ಎಸ್ ಸಂಕೇತಕ್ಕೆ ಸೇರುತ್ತದೆ ಎಂಬುದನ್ನು ಪುಡಿ ಮಾಡುವವರಿಗೆ ಹೇಳಿಕೊಡುವವರು ಬೇಕು.

1916ರಲ್ಲಿ ವಿಶ್ವೇಶ್ವರಯ್ಯನವರ ಕಾಲಕ್ಕೆ ಹುಟ್ಟಿದ ವಾಣಿಜ್ಯೋದ್ಯಮಿಗಳ ಒಕ್ಕೂಟ ಎಫ್‌ಕೆಸಿಸಿಐ ಮೂಲ ಪ್ರಮಾಣಪತ್ರ ಕೊಡುತ್ತದೆ. ಅದೂ ಅಂಚೆ ಇಲಾಖೆಯೂ ಸೇರಿ ಬಸವನಗುಡಿ, ಮಲ್ಲೇಶ್ವರದ ಅಂಚೆ ಕಚೇರಿಗಳಲ್ಲಿ ತಿಂಗಳಿಗೊಂದು ದಿನ ಕುಳಿತು ಈ ಪ್ರಮಾಣಪತ್ರದ ಅರ್ಜಿಗಳನ್ನು ಕನ್ನಡದಲ್ಲಿ ತುಂಬಿಸಿಕೊಡಲಿ. ಮುಂದಿನ ಗೌರಿ ಹಬ್ಬದ ಬುಕಿಂಗ್‌ಗೆ ಮುಂಚೆ ಇದು ಶುರುವಾಗಬೇಕು.